ಘಟಪ್ರಭೆಯ ದಡದಲ್ಲಿ ಏಡ್ಸ್ ಕಾಲ: ಸರ್ಕಾರದ ಅನುದಾನ ಮತ್ತು ಧರ್ಮಸಭೆಯ ಕರುಣೆ

ವ್ಯಾಧಿ ನಾಡನ್ನು ಆವರಿಸಿದಾಗ ಪ್ರಭುತ್ವವು ಸೇವಾಸಂಸ್ಥೆಗಳ ಕೈಗೆ ಹಣವನ್ನು ಒಪ್ಪಿಸುವುದುಂಟು. ಆ ಹಣವನ್ನು ಸ್ವೀಕರಿಸಬಹುದೇ, ಸ್ವೀಕರಿಸಿದರೆ ಯಾವ ಮಿತಿಯೊಳಗೆ ಎಂಬ ಪ್ರಶ್ನೆ ಧರ್ಮಸಭೆಗೆ ಹೊಸದಲ್ಲ. ನಾಲ್ಕನೆಯ ಶತಮಾನದ ಪಿತೃಗಳು ಅದನ್ನು ಎದುರಿಸಿದ್ದರು. ನಮ್ಮ ನಾಡಿನಲ್ಲಿ ಆ ಪ್ರಶ್ನೆ ತೀಕ್ಷ್ಣವಾಗಿ ಎದ್ದದ್ದು ಏಡ್ಸ್ ಕಾಲದಲ್ಲಿ, ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ. ಆ ಚರಿತ್ರೆಯನ್ನು ಪರಿಶೀಲಿಸಿ, ಗುರುಮಠದಲ್ಲಿ ಸಿದ್ಧರಾಗುತ್ತಿರುವವರಿಗೂ ಧರ್ಮಕೇಂದ್ರಗಳಲ್ಲಿ ಸೇವೆಯಲ್ಲಿರುವ ಗುರುಗಳಿಗೂ ಅದು ಕಲಿಸುವುದೇನೆಂಬುದನ್ನು ಇಲ್ಲಿ ವಿಚಾರಿಸಲು ಯತ್ನಿಸಿದ್ದೇವೆ.

ಸೀಮೆ ಮತ್ತು ಸೋಂಕು

ಹಿರಣ್ಯಕೇಶಿ ಹುಕ್ಕೇರಿ ತಾಲ್ಲೂಕಿನಲ್ಲಿಯೂ ಮಾರ್ಕಂಡೇಯ ಗೋಕಾಕದ ಸಮೀಪದಲ್ಲಿಯೂ ಘಟಪ್ರಭೆಯನ್ನು ಸೇರುತ್ತವೆ. ನಾವು ಹೇಳಹೊರಟ ಕಾಲದಲ್ಲಿ ಮೂಡಲಗಿ ಪ್ರತ್ಯೇಕ ತಾಲ್ಲೂಕಾಗಿರದೆ ಗೋಕಾಕಕ್ಕೇ ಸೇರಿತ್ತು. ಹಿಡಕಲ್ ಜಲಾಶಯದ ನೀರು, ಕಬ್ಬಿನ ಗದ್ದೆ, ಗೋಕಾಕ ಫಾಲ್ಸ್‌ನ ಹತ್ತಿ ಗಿರಣಿ ಈ ಸೀಮೆಗೆ ದುಡಿಮೆ ಕೊಟ್ಟವು. ಆದರೆ ಭೂಮಿಯಿಲ್ಲದ ದಲಿತ ಕುಟುಂಬಗಳಿಗೆ ಆ ದುಡಿಮೆ ವರ್ಷಪೂರ್ತಿ ಸಾಲುತ್ತಿರಲಿಲ್ಲ. ಘಟಪ್ರಭಾ ನಿಲ್ದಾಣದಿಂದ ಮಿರಜಕ್ಕೆ, ಅಲ್ಲಿಂದ ಪುಣೆ, ಮುಂಬಯಿಗಳಿಗೆ ಹೋಗುವ ರೈಲು ಗುಳೆ ಹೋಗುವವರ ದಾರಿಯಾಗಿತ್ತು.

ಆ ದಾರಿಯಲ್ಲಿ ಹೋದವರಲ್ಲಿ ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳೂ ಇದ್ದರು. ಈ ಪದ್ಧತಿಯನ್ನು ಮುಂಬಯಿ ಪ್ರಾಂತ್ಯದ 1934ರ ಕಾಯಿದೆ ನಿಷೇಧಿಸಿತ್ತು; ಕರ್ನಾಟಕ ರಾಜ್ಯವು 1982ರಲ್ಲಿ ಮತ್ತೊಮ್ಮೆ ಕಾನೂನು ಮಾಡಿತು. ಕಾನೂನಿನ ಹೊರಗೆ ಪದ್ಧತಿ ಉಳಿಯಿತು. 1993-94ರ ಸರ್ಕಾರಿ ಸಮೀಕ್ಷೆಯಲ್ಲಿ ರಾಜ್ಯದಲ್ಲಿ 22,873 ದೇವದಾಸಿಯರನ್ನು ಗುರುತಿಸಲಾಗಿತ್ತು. 2007-08ರ ಸಮೀಕ್ಷೆಯ ನಂತರ ಒಟ್ಟು ಸಂಖ್ಯೆ 46,660 ಆಯಿತು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಪಾಲು ಅದರಲ್ಲಿ ಸಣ್ಣದಲ್ಲ.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಇಪ್ಪತ್ತು ವರ್ಷಗಳ ನಂತರ, 2005-06ರ ಸಮೀಕ್ಷೆಯಲ್ಲಿ ಬೆಳಗಾವಿ ಜಿಲ್ಲೆಯ ಲೈಂಗಿಕ ವೃತ್ತಿನಿರತ ಮಹಿಳೆಯರಲ್ಲಿ 33.9 ಶೇಕಡ ಮಂದಿಗೆ ಸೋಂಕು ಇರುವುದು ಕಂಡುಬಂತು. ನೆರೆಯ ಬಾಗಲಕೋಟೆಯಲ್ಲಿ ನಡೆದ ಅಧ್ಯಯನವೊಂದು ಸಾಮಾನ್ಯ ವಯಸ್ಕ ಜನರಲ್ಲಿಯೇ 2.9 ಶೇಕಡ ಎಂದು ಲೆಕ್ಕ ಹಾಕಿತು. ಅಂದರೆ ವ್ಯಾಧಿ ಯಾವುದೋ ಓಣಿಯೊಂದರಲ್ಲಿ ಅಡಗಿರಲಿಲ್ಲ. ಊರಿನ ಮನೆಗಳಲ್ಲಿ, ಬಾಣಂತಿಯರಲ್ಲಿ, ಹಸುಗೂಸುಗಳಲ್ಲಿ ಇತ್ತು.

ಹಣ ಹರಿದ ದಾರಿ

ಕೇಂದ್ರ ಸರ್ಕಾರ 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯನ್ನು, ಅಂದರೆ ನ್ಯಾಕೊವನ್ನು ಸ್ಥಾಪಿಸಿತು. ವಿಶ್ವಬ್ಯಾಂಕಿನ 8.4 ಕೋಟಿ ಡಾಲರ್ ಸಾಲದ ನೆರವಿನಿಂದ ಮೊದಲ ಹಂತದ ಕಾರ್ಯಕ್ರಮ ಆರಂಭವಾಯಿತು. ಹಣ ಖಜಾನೆಯ ಮಾರ್ಗದಲ್ಲಿ ತಡವಾಗುವುದನ್ನು ಕಂಡು, ಅದನ್ನು ನೇರವಾಗಿ ಪಡೆದು ವೆಚ್ಚ ಮಾಡಬಲ್ಲ ನೋಂದಾಯಿತ ಸೊಸೈಟಿಗಳನ್ನು ರಾಜ್ಯಗಳಲ್ಲಿ ರಚಿಸಲಾಯಿತು. ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ 1997ರಲ್ಲಿ ಹುಟ್ಟಿದ್ದು ಹೀಗೆ.

ಸರ್ಕಾರಿ ನೌಕರ ಹೋಗಲಾರದ ಮನೆಗೆ ಸೇವಾಸಂಸ್ಥೆಯ ಕಾರ್ಯಕರ್ತೆ ಹೋಗಬಲ್ಲಳು ಎಂಬ ಅರಿವು ಈ ವ್ಯವಸ್ಥೆಯ ತಳಹದಿ. ಆದ್ದರಿಂದ ರಾಜ್ಯ ಸೊಸೈಟಿಯು ಸ್ವಯಂಸೇವಾ ಸಂಸ್ಥೆಗಳೊಡನೆ ಕರಾರು ಮಾಡಿಕೊಂಡು, ಅವು ತಲುಪಬೇಕಾದ ಜನರ ಸಂಖ್ಯೆಯ ಆಧಾರದ ಮೇಲೆ ಕಂತುಗಳಲ್ಲಿ ಅನುದಾನ ನೀಡುತ್ತಿತ್ತು. ಸುಮಾರು 60 ಮಹಿಳೆಯರಿಗೆ ಒಬ್ಬ ಸಹವರ್ತಿ ಶಿಕ್ಷಕಿ; ಆಕೆಯೂ ಅದೇ ಸಮುದಾಯದವಳು. ಭೇಟಿ, ತಪಾಸಣೆ, ಲೈಂಗಿಕ ರೋಗಗಳ ಚಿಕಿತ್ಸೆ, ಕಾಂಡೋಮ್ ವಿತರಣೆ ಇವೆಲ್ಲಕ್ಕೂ ವಹಿ, ಪ್ರತಿಯೊಂದಕ್ಕೂ ಅಂಕಿ. 2003ರಿಂದ ಗೇಟ್ಸ್ ಪ್ರತಿಷ್ಠಾನದ ‘ಅವಾಹನ್’ ಯೋಜನೆ ಇದೇ ಬಗೆಯ ಕಾರ್ಯವನ್ನು ಉತ್ತರ ಕರ್ನಾಟಕದಲ್ಲಿಯೂ ವಿಸ್ತರಿಸಿತು. 2009ರಿಂದ 2013ರೊಳಗೆ ಅದು ಹಂತಹಂತವಾಗಿ ಸರ್ಕಾರದ ಹೆಗಲಿಗೆ ಬಂತು.

ಘಟಪ್ರಭಾದಲ್ಲಿ ಇದಕ್ಕೆ ಮೊದಲೇ ಒಂದು ನೆಲೆ ಸಿದ್ಧವಾಗಿತ್ತು. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಪುನರ್ವಸತಿ ಕಾರ್ಯದ ಹಿನ್ನೆಲೆಯಲ್ಲಿ, ಮೈರಾಡ ಸಂಸ್ಥೆಯ ಆಸರೆಯಲ್ಲಿ, ದೇವದಾಸಿ ಮಹಿಳೆಯರು 1997ರಲ್ಲಿ ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ’ಯನ್ನು, ಅಂದರೆ ಮಾಸ್ ಅನ್ನು ಕಟ್ಟಿದರು. ಸ್ವತಃ ದೇವದಾಸಿಯಾಗಿದ್ದ ಸೀತವ್ವ ಜೋಡಟ್ಟಿಯವರು ಅದರ ಮುಂದಾಳಾದರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಬಾಗಲಕೋಟೆಯಲ್ಲಿ ‘ಚೈತನ್ಯ ಏಡ್ಸ್ ತಡೆಗಟ್ಟುವ ಮಹಿಳಾ ಸಂಘ’ ಇದೇ ರೀತಿ ಬೆಳೆಯಿತು. ನ್ಯಾಕೊದ ಮೂರನೆಯ ಹಂತದಲ್ಲಿ (2007-2012) ಇಂಥ ಸಮುದಾಯ ಸಂಘಟನೆಗಳಿಗೇ ಕರಾರು ಒಪ್ಪಿಸಬೇಕೆಂಬ ಧೋರಣೆ ಬಲಗೊಂಡಿತು. ಹಿಂದಿನ ಕಡತಗಳಲ್ಲಿ ‘ಗುರಿಗುಂಪು’ ಎನಿಸಿಕೊಂಡಿದ್ದವರು ಈಗ ಕರಾರಿನ ಪಕ್ಷಗಾರರಾದರು. ಈ ಚರಿತ್ರೆಯ ಅತಿ ಮುಖ್ಯ ತಿರುವು ಇದೇ ಎಂದು ನಾವು ಭಾವಿಸುತ್ತೇವೆ.

ಫಲ ಕಾಣಿಸಿತು. ಬೆಳಗಾವಿಯ 33.9 ಶೇಕಡ ಪ್ರಮಾಣ 2008ರ ಸಮೀಕ್ಷೆಯ ಹೊತ್ತಿಗೆ 27.3ಕ್ಕೆ ಇಳಿದಿತ್ತು; ರಾಜ್ಯದ ಐದು ಜಿಲ್ಲೆಗಳ ಒಟ್ಟು ಪ್ರಮಾಣ 19.6ರಿಂದ 16.4ಕ್ಕೆ ಇಳಿಯಿತು. 2004ರ ಏಪ್ರಿಲ್ 1ರಿಂದ ಕರ್ನಾಟಕವೂ ಸೇರಿದಂತೆ ಸೋಂಕು ಹೆಚ್ಚಿದ್ದ ರಾಜ್ಯಗಳಲ್ಲಿ ಎಆರ್‌ಟಿ ಔಷಧ ಉಚಿತವಾಗಿ ದೊರೆಯತೊಡಗಿತು. ಸಾವಿನ ಮನೆಗಳು ಕ್ರಮೇಣ ಮಾತ್ರೆ ನುಂಗಿ ಕೂಲಿಗೆ ಹೋಗುವವರ ಮನೆಗಳಾದವು. ಅನುದಾನದ ಹಣ ವ್ಯರ್ಥವಾಯಿತೆಂದು ಯಾರೂ ಹೇಳಲಾರರು.

ಧರ್ಮಸಭೆಯ ಪಾಲು

ಈ ವ್ಯವಸ್ಥೆಯೊಳಗೆ ಕಥೋಲಿಕ ಧರ್ಮಸಭೆ ಎಲ್ಲಿ ನಿಂತಿತು? ತಡೆಗಟ್ಟುವ ಯೋಜನೆಯ ಕರಾರಿನಲ್ಲಿ ಕಾಂಡೋಮ್ ವಿತರಣೆ ಬಿಡಲಾಗದ ಅಂಗ. ನಮ್ಮ ನೀತಿಬೋಧೆ ಅದಕ್ಕೆ ಸಹಿ ಹಾಕಲು ಅವಕಾಶ ಕೊಡುತ್ತಿರಲಿಲ್ಲ. ಆದ್ದರಿಂದ ನಮ್ಮ ಸಂಸ್ಥೆಗಳು ಬಹುಮಟ್ಟಿಗೆ ಆರೈಕೆಯ ಕಡೆಗೆ ತಿರುಗಿದವು. ಭಾರತೀಯ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2005ರಲ್ಲಿ ತನ್ನ ಎಚ್‌ಐವಿ-ಏಡ್ಸ್ ನೀತಿಯನ್ನು ಪ್ರಕಟಿಸಿ, ಕರುಣೆ ಮತ್ತು ಆರೈಕೆಗೆ ಬದ್ಧತೆಯನ್ನು ಸಾರಿತು. ಮುಂದೆ ಜಾಗತಿಕ ನಿಧಿಯ ಆರನೆಯ ಸುತ್ತಿನ ಹಣದಿಂದ, ರಾಷ್ಟ್ರೀಯ ಕಾರ್ಯಕ್ರಮದ ಭಾಗವಾಗಿ ಸ್ಥಾಪಿತವಾದ ಸಮುದಾಯ ಆರೈಕೆ ಕೇಂದ್ರಗಳಲ್ಲಿ ಅನೇಕವನ್ನು ಮಂಡಳಿಯ ಏಡ್ಸ್ ಒಕ್ಕೂಟ ನಡೆಸಿತು. ಒಂದೊಂದು ಕೇಂದ್ರದಲ್ಲಿ ಸಾಮಾನ್ಯವಾಗಿ ಹತ್ತು ಹಾಸಿಗೆ. ಎಆರ್‌ಟಿ ಆರಂಭಿಸುವವರಿಗೆ ಕೆಲವು ದಿನಗಳ ವಾಸ, ಆಪ್ತಸಮಾಲೋಚನೆ, ಪಥ್ಯ. ಮನೆಯವರು ಕೈಬಿಟ್ಟವರಿಗೆ ಕೊನೆಯ ದಿನಗಳಲ್ಲಿ ಒಂದು ನೆರಳು.

2013ರಲ್ಲಿ ಆ ನಿಧಿಯ ಅವಧಿ ಮುಗಿಯಿತು. ಔಷಧ ಸುಲಭವಾಗಿ ದೊರೆಯುವಾಗ ಹಾಸಿಗೆಯ ಅಗತ್ಯ ಕಡಿಮೆಯಾಗಿದೆ ಎಂಬ ತೀರ್ಮಾನದೊಡನೆ ಆರೈಕೆ ಕೇಂದ್ರಗಳ ಬದಲಿಗೆ ‘ವಿಹಾನ್’ ಯೋಜನೆಯ ಆರೈಕೆ ಮತ್ತು ಬೆಂಬಲ ಕೇಂದ್ರಗಳು ಬಂದವು. ಇವುಗಳಲ್ಲಿ ಹಾಸಿಗೆ ಇರಲಿಲ್ಲ. ಯೋಜಕರ ವಾದದಲ್ಲಿ ಹುರುಳಿತ್ತು. ಆದರೆ ಔಷಧ ಫಲಿಸದವರು, ಮನೆ ಇಲ್ಲದವರು, ಕ್ಷಯವೂ ಕೂಡಿಕೊಂಡವರು ಲೆಕ್ಕದಲ್ಲಿ ಅಲ್ಪಸಂಖ್ಯಾತರಾದರೂ ಮನುಷ್ಯರೇ. ಅನುದಾನ ನಿಂತ ಮರುದಿನ ಅವರನ್ನು ಎಲ್ಲಿಗೆ ಕಳುಹಿಸಬೇಕು? ಈ ಪ್ರಶ್ನೆಗೆ ಯೋಜನೆಯ ಕಾಗದದಲ್ಲಿ ಉತ್ತರ ಇರಲಿಲ್ಲ. ಇರಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ; ಅವಧಿಯಿಲ್ಲದ ಅನುದಾನ ಜಗತ್ತಿನಲ್ಲಿ ಇಲ್ಲ.

ಸಿಸೇರಿಯ ಮತ್ತು ಅಲೆಕ್ಸಾಂದ್ರಿಯ

ಈ ಗೊಂದಲವನ್ನು ಪಿತೃಗಳ ಕಾಲದ ಎರಡು ನಿದರ್ಶನಗಳ ಬೆಳಕಿನಲ್ಲಿ ನೋಡುವುದು ಉಪಯುಕ್ತ.

ಕಾನ್‌ಸ್ಟಂಟೈನ್ ಚಕ್ರವರ್ತಿ ಧರ್ಮಸಭೆಯ ವಿಧವೆಯರಿಗೂ ಬಡವರಿಗೂ ಹಂಚಲು ಧಾನ್ಯವನ್ನು ಮಂಜೂರು ಮಾಡಿದ್ದನು. ಅಲೆಕ್ಸಾಂದ್ರಿಯದ ಸಂತ ಅಥನಾಸಿಯುಸರ ಮೇಲೆ ವಿರೋಧಿಗಳು ಹೊರಿಸಿದ ಆರೋಪಗಳಲ್ಲಿ ಆ ಧಾನ್ಯವನ್ನು ಮಾರಿಕೊಂಡರೆಂಬುದೂ ಒಂದು. ಮುಂದೆ ಚಕ್ರವರ್ತಿ ಕಾನ್‌ಸ್ಟಾಂಶಿಯುಸನ ಕಾಲದಲ್ಲಿ ಅದೇ ಧಾನ್ಯವನ್ನು ಅವರ ಕೈಯಿಂದ ಕಿತ್ತು ಆರಿಯನ್ ಪಕ್ಷಕ್ಕೆ ಕೊಡಲಾಯಿತು. ಬಡವರ ಅನ್ನ ಸಿದ್ಧಾಂತದ ಹೋರಾಟದ ಆಯುಧವಾಯಿತು. ಬಳಿಕ ಜೂಲಿಯನ್ ಧರ್ಮಸಭೆಯ ಪಾಲಿನ ಧಾನ್ಯವನ್ನು ನಿಲ್ಲಿಸಿದನು. ಆದರೆ 362ರಲ್ಲಿ ಗಲಾತ್ಯದ ತನ್ನ ಪ್ರಧಾನ ಅರ್ಚಕನಿಗೆ ಬರೆದ ಪತ್ರದಲ್ಲಿ, ಕ್ರೈಸ್ತರು ತಮ್ಮವರಲ್ಲದ ಬಡವರನ್ನೂ ಪೋಷಿಸುತ್ತಿರುವುದು ತನ್ನ ಪಕ್ಷಕ್ಕೆ ನಾಚಿಕೆಗೇಡೆಂದು ಒಪ್ಪಿಕೊಂಡು, ಅವರಂತೆಯೇ ಅನ್ನಛತ್ರಗಳನ್ನು ನಡೆಸಲು 30,000 ಅಳತೆ ಗೋಧಿಯನ್ನು ಮಂಜೂರು ಮಾಡಿದನು.

ಇನ್ನೊಂದು ನಿದರ್ಶನ ಸಿಸೇರಿಯದ ಸಂತ ಬಾಸಿಲರದು. ಚಕ್ರವರ್ತಿ ವಾಲೆನ್ಸ್ ನೈಸಿಯದ ವಿಶ್ವಾಸ ಪ್ರಮಾಣಕ್ಕೆ ವಿರೋಧಿ. ಅವನ ಅಧಿಕಾರಿ ಮೊಡೆಸ್ಟುಸ್ ಆಸ್ತಿ ಮುಟ್ಟುಗೋಲು, ಗಡೀಪಾರು, ಮರಣ ಎಲ್ಲದರ ಬೆದರಿಕೆ ಹಾಕಿದರೂ ಬಾಸಿಲರು ಬಗ್ಗಲಿಲ್ಲ. ಅದೇ ವಾಲೆನ್ಸ್, ಬಾಸಿಲರ ಪಾಲನೆಯಲ್ಲಿದ್ದ ವ್ಯಾಧಿಗ್ರಸ್ತ ಬಡವರಿಗಾಗಿ ಉತ್ತಮ ಭೂಮಿಯನ್ನು ದಾನವಾಗಿ ಕೊಟ್ಟನೆಂದು ಐದನೆಯ ಶತಮಾನದ ಚರಿತ್ರಕಾರ ಥಿಯೊದೊರೆತ್ ದಾಖಲಿಸುತ್ತಾರೆ. ಕುಷ್ಠರೋಗಿಗಳಿಗೆ ಆಶ್ರಯವಾದ ಆ ‘ಬಾಸಿಲಿಯಾದ’ದ ಪರವಾಗಿ ಬಾಸಿಲರು ತೆರಿಗೆ ವಿನಾಯಿತಿ ಕೋರಿ ಅಧಿಕಾರಿಗಳಿಗೆ ಪತ್ರ ಬರೆದದ್ದೂ ಉಂಟು. ಭೂಮಿಯನ್ನು ಸ್ವೀಕರಿಸಿದರು, ವಿಶ್ವಾಸದಲ್ಲಿ ಒಂದು ಅಕ್ಷರವನ್ನೂ ಬಿಟ್ಟುಕೊಡಲಿಲ್ಲ. ಇದು ಸಾಧ್ಯವಾದದ್ದು, ವಾಲೆನ್ಸನ ಭೂಮಿ ಬರುವುದಕ್ಕೆ ಮೊದಲೇ, ಕ್ಷಾಮದ ವರ್ಷದಲ್ಲಿ, ಬಾಸಿಲರು ಹಸಿದವರಿಗೆ ಅಡುಗೆ ಮಾಡಿಸಿ ಬಡಿಸಿದ್ದರಿಂದ. ಅವರ ಸೇವೆ ಅನುದಾನದಿಂದ ಹುಟ್ಟಿದ್ದಲ್ಲ. ಅನುದಾನ ಅದನ್ನು ಹುಡುಕಿಕೊಂಡು ಬಂತು.

ನಮಗೆ ಉಳಿಯುವ ಪಾಠ

ಈ ಎರಡು ನಿದರ್ಶನಗಳೊಡನೆ ಗೋಕಾಕ ಸೀಮೆಯ ಚರಿತ್ರೆಯನ್ನಿಟ್ಟು ನೋಡಿದರೆ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ.

ಮೊದಲನೆಯದು, ಸರ್ಕಾರದ ಹಣವನ್ನು ಸ್ವೀಕರಿಸುವುದರಲ್ಲಿ ದೋಷವಿಲ್ಲ. ಅದು ಪ್ರಜೆಗಳ ತೆರಿಗೆ. ರೋಗಿಯ ಪಾಲಿಗೆ ಅದು ಹಕ್ಕು. ಪೋಪ್ ಹದಿನಾರನೆಯ ಬೆನೆಡಿಕ್ಟರು 2005ರ ‘ದೇವುಸ್ ಕಾರಿತಾಸ್ ಎಸ್ತ್’ ಪ್ರೇಷಿತ ಪತ್ರದಲ್ಲಿ, ಎಲ್ಲವನ್ನೂ ತಾನೇ ನಡೆಸುವ ಪ್ರಭುತ್ವಕ್ಕಿಂತ ಸಮಾಜದ ಸೇವಾಶಕ್ತಿಗಳನ್ನು ಗುರುತಿಸಿ ಬೆಂಬಲಿಸುವ ಪ್ರಭುತ್ವ ನಮಗೆ ಬೇಕೆಂದು ಬೋಧಿಸಿದರು. ಹಾಗೆಯೇ, ಪ್ರೀತಿಯ ಸೇವೆಯನ್ನು ಮತಾಂತರದ ಸಾಧನವಾಗಿ ಬಳಸಲಾಗದೆಂದೂ ಅದೇ ಪತ್ರ ಸ್ಪಷ್ಟಪಡಿಸಿತು. ಸಾರ್ವಜನಿಕ ಹಣವನ್ನು ಪಡೆಯುವವರಿಗೆ ಈ ಎರಡನೆಯ ಮಾತು ಇನ್ನಷ್ಟು ಅನ್ವಯ.

ಎರಡನೆಯದು, ಕರಾರು ಎಣಿಸಬಲ್ಲದ್ದಕ್ಕೆ ಮಾತ್ರ ಹಣ ಕೊಡುತ್ತದೆ. ಎಷ್ಟು ಭೇಟಿ, ಎಷ್ಟು ತಪಾಸಣೆ ಎಂಬುದು ವಹಿಯಲ್ಲಿ ಬರುತ್ತದೆ. ಒಬ್ಬಳ ಮಗಳು ಶಾಲೆ ಬಿಡದಂತೆ ಕಾದದ್ದು, ಸತ್ತವಳ ದೇಹಕ್ಕೆ ಹೆಗಲು ಕೊಟ್ಟದ್ದು ಯಾವ ಅಂಕಣದಲ್ಲಿಯೂ ಬರುವುದಿಲ್ಲ. ಎಣಿಕೆ ಕೆಟ್ಟದ್ದಲ್ಲ, ಅದು ಇಲ್ಲದಿದ್ದರೆ ಸೋಂಕು ಇಳಿಯಿತೋ ಇಲ್ಲವೋ ತಿಳಿಯುತ್ತಿರಲಿಲ್ಲ. ಆದರೆ ವಹಿಯೇ ಸೇವೆಯ ಗಡಿಯಾದ ದಿನ ನಾವು ಗುತ್ತಿಗೆದಾರರಾಗುತ್ತೇವೆ.

ಮೂರನೆಯದು ನಮಗೆ ಹೆಚ್ಚು ಕಠಿಣವಾದದ್ದು. ಘಟಪ್ರಭೆಯ ದಡದಲ್ಲಿ ಹೆಚ್ಚು ಕಾಲ ಬಾಳಿದ್ದು ಹೊರಗಿನವರು ಕಟ್ಟಿದ ಕೇಂದ್ರಗಳಲ್ಲ, ಆ ಹೆಣ್ಣುಮಕ್ಕಳೇ ಕಟ್ಟಿದ ಸಂಘ. 2020ರ ಲಾಕ್‌ಡೌನ್ ಇದನ್ನು ಮತ್ತೆ ತೋರಿಸಿತು. ಬಸ್ಸು ನಿಂತು ಎಆರ್‌ಟಿ ಕೇಂದ್ರ ದೂರವಾದಾಗ, ಕೆಲವು ತಿಂಗಳ ಮಾತ್ರೆಯನ್ನು ಒಟ್ಟಿಗೆ ಕೊಡಲೂ ಸಮುದಾಯದ ಮೂಲಕ ಮನೆಗೆ ತಲುಪಿಸಲೂ ನ್ಯಾಕೊ ಅನುಮತಿ ನೀಡಿತು. ಆ ಅನುಮತಿ ಕಾರ್ಯರೂಪಕ್ಕೆ ಬರಬೇಕಾದರೆ ಯಾರ ಮನೆ ಎಲ್ಲಿದೆ, ಯಾರ ಗುಟ್ಟನ್ನು ಯಾರ ಮುಂದೆ ಕಾಯಬೇಕು ಎಂಬುದನ್ನು ಬಲ್ಲವರು ಬೇಕಿತ್ತು. ಅದೇ ವರ್ಷದ ಏಪ್ರಿಲ್ 8ರಂದು ಕೇಂದ್ರ ಸರ್ಕಾರ, ಹರಾಜಿಲ್ಲದೆ ಭಾರತೀಯ ಆಹಾರ ನಿಗಮದಿಂದ ಕಿಲೋಗೆ 22 ರೂಪಾಯಿಯ ದರದಲ್ಲಿ ಅಕ್ಕಿ, 21 ರೂಪಾಯಿಯ ದರದಲ್ಲಿ ಗೋಧಿ ಕೊಳ್ಳಲು ಸೇವಾಸಂಸ್ಥೆಗಳಿಗೆ ಅವಕಾಶ ಕೊಟ್ಟಿತು. ಸೆಪ್ಟೆಂಬರಿನಲ್ಲಿ ವಿದೇಶಿ ವಂತಿಗೆ ಕಾಯಿದೆಯ ತಿದ್ದುಪಡಿ, ಒಂದು ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವುದನ್ನು ನಿಷೇಧಿಸಿತು. ದೊಡ್ಡ ಸಂಸ್ಥೆಯ ಮೂಲಕ ಹಣ ಪಡೆಯುತ್ತಿದ್ದ ಹಳ್ಳಿಯ ಸಣ್ಣ ಸಂಘಗಳಿಗೆ ಆ ದಾರಿ ಮುಚ್ಚಿತು. ಒಂದೇ ವರ್ಷದಲ್ಲಿ ಒಂದು ಬಾಗಿಲು ತೆರೆಯಿತು, ಇನ್ನೊಂದು ಮುಚ್ಚಿತು. ಬಾಗಿಲುಗಳ ಮೇಲೆ ಮಾತ್ರ ನಿಂತ ಸೇವೆ ಇಂಥ ವರ್ಷವನ್ನು ದಾಟಲಾರದು.

ಸಂತ ಲೂಕರ ಶುಭಸಂದೇಶದ ಸಮಾರಿತನ ಸಾಮತಿಯಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ವ್ಯಕ್ತಿ ಛತ್ರದವನು. ಅವನು ಗಾಯಗೊಂಡವನನ್ನು ನೋಡಿಕೊಳ್ಳಲು ಎರಡು ಬೆಳ್ಳಿ ನಾಣ್ಯ ಪಡೆದನು. ಪಡೆದದ್ದಕ್ಕೆ ಪ್ರಭು ಅವನನ್ನು ತೆಗಳಲಿಲ್ಲ. ಅನುದಾನ ಪಡೆದ ನಮ್ಮ ಸಂಸ್ಥೆಗಳು ಆ ಛತ್ರದವನ ಸ್ಥಾನದಲ್ಲಿವೆ. ಆದರೆ ಆ ಸಾಮತಿಯಲ್ಲಿ ಹಣ ಕೊಟ್ಟವನು ಹೆಚ್ಚಿನ ಖರ್ಚನ್ನೂ ತಾನೇ ತೀರಿಸುವುದಾಗಿ, ಹಿಂದಿರುಗಿ ಬರುವುದಾಗಿ ಮಾತು ಕೊಟ್ಟಿದ್ದನು. ಯಾವ ಸರ್ಕಾರವೂ, ಯಾವ ಜಾಗತಿಕ ನಿಧಿಯೂ ಆ ಮಾತನ್ನು ಕೊಡುವುದಿಲ್ಲ, ಕೊಡಲಾರದು. ಆದ್ದರಿಂದ ಕರಾರಿಗೆ ಸಹಿ ಹಾಕುವ ಗುರುವಾಗಲಿ ಭಗಿನಿಯಾಗಲಿ, ಕೊನೆಯ ಕಂತು ಬಂದ ಮರುದಿನ ಹಾಸಿಗೆಯಲ್ಲಿ ಉಳಿದಿರುವವನ ಹೊಣೆ ಯಾರದೆಂಬುದನ್ನು ಸಹಿ ಹಾಕುವ ದಿನವೇ ತೀರ್ಮಾನಿಸಿಕೊಳ್ಳಬೇಕು. ಧರ್ಮಕೇಂದ್ರದ ಕಾಣಿಕೆಯ ಒಂದು ಪಾಲು ಅದಕ್ಕಾಗಿ ಮೀಸಲಾಗಿರಲಿ. ರೋಗಿಯ ಸ್ವಂತ ಜನರು ಆ ತೀರ್ಮಾನದಲ್ಲಿ ಕುಳಿತಿರಲಿ. ಮುಂದಿನ ವ್ಯಾಧಿ ಯಾವುದೆಂದು ನಮಗೆ ತಿಳಿಯದು; ಅದರೊಡನೆ ಅನುದಾನವೂ ಅವಧಿಯೂ ಬರುತ್ತವೆ ಎಂಬುದು ತಿಳಿದಿದೆ.