ಕಾರಿನ ಪವರ್ ವಿಂಡೋ: ಗ್ಲಾಸ್ ಏರಿಸುವ ಮುನ್ನ ಇದು ಗೊತ್ತಿರಲಿ

ಗಜೇಂದ್ರಗಡ: ಹೊಸ ಕಾರು ತಂದರೆ ಕಾಲಕಾಲೇಶ್ವರನ ಗುಡಿಗೋ, ಇಟಗಿ ಭೀಮಾಂಬಿಕಾ ದೇವಿ ಗುಡಿಗೋ ಒಯ್ದು ಪೂಜೆ ಮಾಡಿಸುವುದು ಈ ಭಾಗದ ರೂಢಿ. ಗಾಲಿ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಮನೆಮಂದಿಯೆಲ್ಲ ಹತ್ತಿ ಹೊರಟಾಗ ಹಿಂದಿನ ಸೀಟಿನ ಮಕ್ಕಳ ತಲೆ ಕಿಟಕಿಯಿಂದ ಹೊರಗೇ ಇರುತ್ತದೆ. ‘ಧೂಳು ಬರಾಕತ್ತೈತಿ, ಗ್ಲಾಸ್ ಏರಸ್ರಿ’ ಅಂತ ಯಾರೋ ಅಂದ ಕೂಡಲೇ ಚಾಲಕನ ಬೆರಳು ಬಟನ್ ಮೇಲೆ ಹೋಗುತ್ತದೆ. ಅಪಾಯ ಇರುವುದು ಈ ಗಳಿಗೆಯಲ್ಲೇ.

‘ನಡುವೆ ಏನರ ಸಿಕ್ಕರ ಗ್ಲಾಸ್ ತಾನ ಕೆಳಗ ಇಳಿತೈತಿ ಬಿಡ್ರಿ’ ಎಂಬ ನಂಬಿಕೆ ಹಲವರಲ್ಲಿದೆ. ಆದರೆ ಈ ಸೌಲಭ್ಯ ಎಲ್ಲ ಕಾರಿನಲ್ಲೂ ಇರುವುದಿಲ್ಲ. ಇದ್ದ ಕಾರಿನಲ್ಲೂ ಎಲ್ಲ ಕಿಟಕಿಗೂ ಇರುತ್ತದೆ ಎನ್ನುವಂತಿಲ್ಲ.

ಬಾಗಿಲೊಳಗೆ ಏನಿದೆ?

ಬಾಗಿಲಿನ ಒಳಗೆ ಒಂದು ಸಣ್ಣ 12 ವೋಲ್ಟ್ ಮೋಟಾರು ಇರುತ್ತದೆ. ಅದು ಗೇರ್ ತಿರುಗಿಸುತ್ತದೆ. ಗೇರಿಗೆ ಜೋಡಿಸಿದ ಕೇಬಲ್ ಅಥವಾ ಕತ್ತರಿಯಂಥ ತೋಳು ಗ್ಲಾಸನ್ನು ಏರಿಸಿ ಇಳಿಸುತ್ತದೆ. ಇದಕ್ಕೆ ಮೆಕ್ಯಾನಿಕ್‌ಗಳು ರೆಗ್ಯುಲೇಟರ್ ಅಂತಾರೆ. ಇಲ್ಲಿ ಬಳಸುವ ವರ್ಮ್ ಗೇರ್ ಒಂದೇ ದಿಕ್ಕಿನಿಂದ ತಿರುಗುವಂಥದ್ದು. ಮೋಟಾರು ಗ್ಲಾಸನ್ನು ಸಲೀಸಾಗಿ ಎತ್ತುತ್ತದೆ, ಆದರೆ ಗ್ಲಾಸ್ ಮೇಲೆ ಒತ್ತಿದರೆ ಮೋಟಾರು ಹಿಂದಕ್ಕೆ ತಿರುಗುವುದಿಲ್ಲ. ಕಳ್ಳರು ಗ್ಲಾಸ್ ಇಳಿಸಬಾರದು ಎಂಬುದಕ್ಕೆ ಇದು ಒಳ್ಳೆಯದೇ. ಆದರೆ ಮಗುವಿನ ಕುತ್ತಿಗೆ ಸಿಕ್ಕಿಕೊಂಡರೆ ದೊಡ್ಡವರು ಕೈಯಿಂದ ಒತ್ತಿದರೂ ಗ್ಲಾಸ್ ಜಗ್ಗುವುದಿಲ್ಲ. ಬಟನ್ ಒತ್ತಿ ಇಳಿಸುವುದೊಂದೇ ದಾರಿ.

‘ಆ್ಯಂಟಿ ಪಿಂಚ್’ ಹೇಗೆ ಕೆಲಸ ಮಾಡುತ್ತೆ?

ಈ ಸೌಲಭ್ಯವಿರುವ ಮೋಟಾರಿನಲ್ಲಿ ಪುಟ್ಟ ಆಯಸ್ಕಾಂತ ಮತ್ತು ಹಾಲ್ ಸೆನ್ಸರ್ ಇರುತ್ತವೆ. ಮೋಟಾರು ಎಷ್ಟು ಸುತ್ತು ತಿರುಗಿತು, ಎಷ್ಟು ವೇಗದಲ್ಲಿ ತಿರುಗಿತು ಎಂದು ಸೆನ್ಸರ್ ಎಣಿಸುತ್ತಾ ಹೋಗುತ್ತದೆ. ಅದರಿಂದ ಗ್ಲಾಸ್ ಎಲ್ಲಿದೆ ಎಂಬುದು ಗೊತ್ತಾಗುತ್ತದೆ. ನಡುವೆ ಅಡ್ಡಿ ಬಂದರೆ ವೇಗ ಇಳಿಯುತ್ತದೆ, ಮೋಟಾರು ಎಳೆಯುವ ಕರೆಂಟ್ ಏರುತ್ತದೆ. ಕೂಡಲೇ ಮೋಟಾರು ನಿಂತು ಉಲ್ಟಾ ತಿರುಗುತ್ತದೆ. ಕೆಲವು ಕಾರುಗಳಲ್ಲಿ ಕರೆಂಟ್ ಅಳೆದೇ ಈ ಕೆಲಸ ಮಾಡಿಸುತ್ತಾರೆ.

ವಿಶ್ವಸಂಸ್ಥೆಯ ವಾಹನ ನಿಯಮ 21ರ ಪ್ರಕಾರ, ತಾನಾಗಿ ಹಿಂದೆ ಸರಿಯುವ ಗ್ಲಾಸ್ 100 ನ್ಯೂಟನ್ ಒತ್ತಡ ಮೀರುವ ಮುನ್ನವೇ ತಿರುಗಬೇಕು. ಸರಳವಾಗಿ ಹೇಳುವುದಾದರೆ ಅದು ಸುಮಾರು 10 ಕೆ.ಜಿ. ಭಾರ. ಈ ಲೆಕ್ಕ ಅನ್ವಯವಾಗುವುದು ಮೇಲಿನ ಸಂದು 200 ಮಿ.ಮೀ.ನಿಂದ 4 ಮಿ.ಮೀ. ಇರುವಾಗ ಮಾತ್ರ. ಕೊನೆಯ 4 ಮಿ.ಮೀ.ನಲ್ಲಿ ಗ್ಲಾಸ್ ಬಿಗಿಯಾಗಿ ಕೂರಬೇಕು, ಹಾಗಾಗಿ ಅಲ್ಲಿ ರಕ್ಷಣೆ ಇರುವುದಿಲ್ಲ.

ಯಾವ ಕಿಟಕಿಗೆ ಇದೆ?

ಬಟನ್ ಒಮ್ಮೆ ಎಳೆದು ಬಿಟ್ಟರೆ ಪೂರ್ತಿ ಏರುವ ‘ಆಟೋ ಅಪ್’ ಕಿಟಕಿಗೆ ಸಾಮಾನ್ಯವಾಗಿ ಆ್ಯಂಟಿ ಪಿಂಚ್ ಇರುತ್ತದೆ. ನಮ್ಮಲ್ಲಿ ಓಡುವ ಅನೇಕ ಕಾರುಗಳಲ್ಲಿ ಇದು ಚಾಲಕನ ಕಿಟಕಿಗೆ ಮಾತ್ರ. ಮಕ್ಕಳು ಕೂರುವ ಹಿಂದಿನ ಕಿಟಕಿಗಳು ಬಟನ್ ಹಿಡಿದಷ್ಟು ಹೊತ್ತು ಏರುತ್ತಲೇ ಇರುತ್ತವೆ. ‘ಆಟೋ’ ಎಂದು ಬರೆದಿದ್ದರೂ ಅದು ಇಳಿಸಲು ಮಾತ್ರ ಇರಬಹುದು. ಕಾರಿನ ಕೈಪಿಡಿ ನೋಡಿ ಖಚಿತಪಡಿಸಿಕೊಳ್ಳಿ.

ಸೌಲಭ್ಯ ಇದೆ ಎಂದಾದರೆ ದಪ್ಪಗೆ ಸುತ್ತಿದ ದಿನಪತ್ರಿಕೆ ಅಡ್ಡ ಹಿಡಿದು ನೋಡಬಹುದು. ಕೈ, ಬೆರಳು ಇಟ್ಟು ಪರೀಕ್ಷೆ ಮಾಡಲೇಬೇಡಿ. ಕೆಲವು ಕಾರುಗಳಲ್ಲಿ ಬಟನ್ ಎಳೆದೇ ಹಿಡಿದರೆ ಆ್ಯಂಟಿ ಪಿಂಚ್ ಕೆಲಸ ಮಾಡುವುದಿಲ್ಲ ಎಂಬುದೂ ನೆನಪಿರಲಿ.

ಎರಿ ಮಣ್ಣಿನ ಧೂಳು

ರೋಣ, ನರಗುಂದ ಭಾಗದ ಎರಿಹೊಲದ ದಾರಿಗಳಲ್ಲಿ ಬೇಸಿಗೆಯ ನುಣ್ಣನೆ ಧೂಳು ಗ್ಲಾಸ್ ಜಾರುವ ರಬ್ಬರ್ ಪಟ್ಟಿಯೊಳಗೆ ಸೇರಿಕೊಳ್ಳುತ್ತದೆ. ಗ್ಲಾಸ್ ಬಿಗಿಯಾದರೆ ಸೆನ್ಸರ್ ಅದನ್ನೇ ಅಡ್ಡಿ ಎಂದು ತಿಳಿದು, ಅರ್ಧಕ್ಕೇ ಗ್ಲಾಸ್ ಇಳಿಸಬಹುದು. ಪಟ್ಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆದರೆ ಸಾಕು. ಎಣ್ಣೆ, ಗ್ರೀಸ್ ಹಚ್ಚಿದರೆ ಮತ್ತಷ್ಟು ಧೂಳು ಹಿಡಿಯುತ್ತದೆ.

ಬ್ಯಾಟರಿ ತೆಗೆದು ಹಾಕಿದ ಮೇಲೆ ಅನೇಕ ಕಾರುಗಳು ಗ್ಲಾಸಿನ ಲೆಕ್ಕ ಮರೆಯುತ್ತವೆ. ಆಗ ಆಟೋ ಅಪ್, ಆ್ಯಂಟಿ ಪಿಂಚ್ ಎರಡೂ ಕೆಲಸ ಮಾಡದಿರಬಹುದು. ಸಾಮಾನ್ಯವಾಗಿ ಗ್ಲಾಸ್ ಪೂರ್ತಿ ಇಳಿಸಿ, ಪೂರ್ತಿ ಏರಿಸಿ, ಬಟನ್ ಕೆಲವು ಸೆಕೆಂಡ್ ಹಿಡಿದರೆ ಮತ್ತೆ ಸರಿಹೋಗುತ್ತದೆ. ಕಾರಿನಿಂದ ಕಾರಿಗೆ ವಿಧಾನ ಬೇರೆ ಇರುವುದರಿಂದ ಕೈಪಿಡಿಯಲ್ಲಿ ಹೇಳಿದಂತೆ ಮಾಡಿ.

ಹಳೆ ಕಾರಿನ ಬಟನ್

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಬಟನ್‌ಗಳನ್ನೂ ನೋಡಬೇಕು. ಒತ್ತಿದರೆ ಗ್ಲಾಸ್ ಏರುವ ಹಳೆ ನಮೂನೆಯ ಬಟನ್ ಮೇಲೆ ಮಗು ಮೊಣಕಾಲೂರಿ ಹೊರಗೆ ಇಣುಕಿದರೂ ಗ್ಲಾಸ್ ಏರಿಬಿಡುತ್ತದೆ. ಇಂಥ ಆಕಸ್ಮಿಕ ತಪ್ಪಿಸಲೆಂದೇ ಅಮೆರಿಕ 2004ರಲ್ಲಿ ಬಟನ್ ವಿನ್ಯಾಸದ ಮೇಲೆ ನಿಯಮ ತಂದಿತು. ಮೇಲಕ್ಕೆ ಎಳೆದರಷ್ಟೇ ಗ್ಲಾಸ್ ಏರುವ ಬಟನ್ ಹೆಚ್ಚು ಸುರಕ್ಷಿತ.

ನೀರಿನಲ್ಲಿ ಸಿಕ್ಕರೆ

2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರ ಜಲಾವೃತವಾಗಿದ್ದನ್ನು ಈ ಭಾಗದವರು ಮರೆತಿಲ್ಲ. ಹರಿಯುವ ನೀರಿಗೆ ಕಾರು ಇಳಿಸಲೇಬಾರದು. ಅಕಸ್ಮಾತ್ ಕಾರು ನೀರಿಗೆ ಬಿದ್ದರೆ ಬಾಗಿಲ ಜತೆ ಗುದ್ದಾಡಬೇಡಿ, ಹೊರಗಿನ ನೀರಿನ ಒತ್ತಡಕ್ಕೆ ಅದು ತೆರೆಯುವುದು ಕಷ್ಟ. ಕರೆಂಟ್ ಇರುವ ಮೊದಲ ಕ್ಷಣಗಳಲ್ಲೇ ಬೆಲ್ಟ್ ಬಿಚ್ಚಿ, ಗ್ಲಾಸ್ ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ಕಳಿಸಿ.

ಇಷ್ಟು ಮಾಡಿ

• ಮಕ್ಕಳು ಹಿಂದೆ ಇದ್ದರೆ ಚಾಲಕನ ಬಾಗಿಲಲ್ಲಿರುವ ‘ವಿಂಡೋ ಲಾಕ್’ ಬಟನ್ ಒತ್ತಿ. ಹಿಂದಿನ ಬಾಗಿಲಿನ ಚೈಲ್ಡ್ ಲಾಕ್ ಬೇರೆ, ಇದು ಬೇರೆ.

• ವಿಂಡೋ ಲಾಕ್ ಹಾಕಿದರೂ ಚಾಲಕನ ಬಟನ್ ನಡೆಯುತ್ತದೆ. ಆದ್ದರಿಂದ ಹಿಂದಿನ ಗ್ಲಾಸ್ ಏರಿಸುವ ಮುನ್ನ ಕತ್ತು ತಿರುಗಿಸಿ ನೋಡಿ. ‘ಕೈ ಒಳಗ ತಗೋರಿ’ ಅಂತ ಜೋರಾಗಿ ಹೇಳಿ.

• ಐದು ನಿಮಿಷದ ಕೆಲಸಕ್ಕೆ ಇಳಿದರೂ ಕೀಲಿ ಜೇಬಿನಲ್ಲಿರಲಿ, ಮಕ್ಕಳು ನಿಮ್ಮ ಜತೆಗಿರಲಿ. ಕೆಲವು ಕಾರುಗಳಲ್ಲಿ ಎಂಜಿನ್ ಬಂದ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಗ್ಲಾಸ್ ಏರುತ್ತದೆ.

• ಯಾರಾದರೂ ಸಿಕ್ಕಿಕೊಂಡರೆ ಎಳೆದಾಡಬೇಡಿ. ಮೊದಲು ಇಳಿಸುವ ಬಟನ್ ಒತ್ತಿ.