ಕೂಲಿಮಠದ ಬೋಧನಕ್ರಮ

ನಿಟ್ಟೂರು, ಗುಬ್ಬಿ, ಕುಣಿಗಲುಗಳ ಸೀಮೆಯಲ್ಲಿ, ಕನ್ನಡನಾಡಿನ ಉಳಿದೆಡೆಗಳಂತೆಯೇ, ಸರಕಾರದ ಪಾಠಶಾಲೆಗಳಿಗೆ ಮುಂಚೆ ಬಾಲಕರ ವಿದ್ಯೆಗೆ ಆಶ್ರಯವಾಗಿದ್ದುದು ಕೂಲಿಮಠವು. ಊರವರು ಕೊಡುವ ಧಾನ್ಯವೋ ಕಾಸೋ ಉಪಾಧ್ಯಾಯರಿಗೆ ಕೂಲಿ. ಜಗಲಿಯ ಮೇಲೆ ಮರಳನ್ನು ಹರಡಿ, ಬಾಲಕನ ಬೆರಳನ್ನು ಹಿಡಿದು ಅಕ್ಷರವನ್ನು ತಿದ್ದಿಸುವರು. ತಿದ್ದುವಾಗಲೇ ಅದನ್ನು ಗಟ್ಟಿಯಾಗಿ ಉಚ್ಚರಿಸಬೇಕು. ಕೈ, ಕಣ್ಣು, ಕಿವಿ, ನಾಲಗೆಗಳು ಒಟ್ಟಿಗೆ ದುಡಿಯುತ್ತಿದ್ದುದರಿಂದ ಮನಸ್ಸು ಅಲೆಯುವುದಕ್ಕೆ ಎಡೆಯಿರಲಿಲ್ಲ. ಒಬ್ಬನು ಮಗ್ಗಿಯನ್ನು ಹೇಳಿಕೊಡಲು ಉಳಿದವರು ಒಕ್ಕೊರಲಿನಿಂದ ಒಪ್ಪಿಸುವರು. ಕಾಲು, ಅರೆ, ಮುಕ್ಕಾಲುಗಳ ಲೆಕ್ಕವೂ ಹೀಗೆಯೇ ಬಾಯಿಗೆ ಬರುತ್ತಿದ್ದಿತು. ಕೋದಂಡದ ಶಿಕ್ಷೆಯನ್ನು ಮಾತ್ರ ಯಾರೂ ಹೊಗಳಲಾರರು.

ಹಿರಿಯ ಶಿಷ್ಯನು ಕಿರಿಯನಿಗೆ ಕಲಿಸುವುದೇ ಈ ಕ್ರಮದ ಜೀವಾಳ. ಮದರಾಸಿನ ಅನಾಥಾಲಯವೊಂದರ ಮೇಲ್ವಿಚಾರಕನಾಗಿದ್ದ ಆಂಡ್ರೂ ಬೆಲ್ಲನು, ದೇಶೀಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲಿಯೂ ಅದನ್ನೇ ಅನುಸರಿಸಿದನು. ಹುಡುಗರಿಂದಲೇ ಹುಡುಗರಿಗೆ ಪಾಠ ಹೇಳಿಸಿದನು. 1797ರಲ್ಲಿ ಅವನು ಲಂಡನ್ನಿನಲ್ಲಿ ಪ್ರಕಟಿಸಿದ ವರದಿಯ ಮೇಲೆ ಅದು ‘ಮದರಾಸು ಪದ್ಧತಿ’ಯೆಂದು ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಹಬ್ಬಿತು. ದೇಶೀಯ ಜಗಲಿಯ ಮರಳಿಗೆ ಅಲ್ಲಿ ದೊರೆತ ಮನ್ನಣೆಯು ಇಲ್ಲಿ ದೊರೆಯದೆ ಹೋದುದು ವಿಷಾದಕರ.

ಮೈಸೂರು ಸೀಮೆಯಲ್ಲಿ 1868ರ ಹೋಬಳಿ ಶಾಲೆಗಳ ಯೋಜನೆಯ ತರುವಾಯ ಕೂಲಿಮಠಗಳು ಕ್ರಮೇಣ ಹಿಂದೆ ಸರಿದವು. ಒಪ್ಪಿಸುವ ದನಿಯು ಅಡಗಲಿಲ್ಲ. 1917ರಲ್ಲಿ ಶ್ರೀ ಉದ್ದಾನ ಶಿವಯೋಗಿಗಳವರು ಸಿದ್ಧಗಂಗೆಯಲ್ಲಿ ಸ್ಥಾಪಿಸಿದಂತಹ ಸಂಸ್ಕೃತ ಪಾಠಶಾಲೆಗಳಲ್ಲಿ ಶಬ್ದರೂಪಗಳ ಅಭ್ಯಾಸವು ಬಾಯಿಪಾಠವಿಲ್ಲದೆ ನಡೆಯುವಂತಹುದಲ್ಲ.