ನೋಡಿ ಬರೆದ ಕೈ

ಆಲೂರಿನಲ್ಲಿರುವ ನನ್ನ ಅಕ್ಕನ ಮಗ ಗ್ರಾಫಿಕ್ ಡಿಸೈನ್ ಕಲಿಯುತ್ತಿದ್ದಾನೆ. ಕಳೆದ ಮಳೆಗಾಲದಲ್ಲಿ ಅವರ ಮನೆಗೆ ಹೋದಾಗ ಕಂಪ್ಯೂಟರಿನ ಪಕ್ಕದ ಗೋಡೆಗೆ ಒಂದು ಪೋಸ್ಟರ್ ಅಂಟಿಸಿದ್ದ. ನುರಿತ ಕಲಾವಿದರೊಬ್ಬರು ಪುಸ್ತಕ ಮೇಳಕ್ಕಾಗಿ ಮಾಡಿದ ಇಂಗ್ಲಿಷ್ ಪೋಸ್ಟರ್ ಅದು. ಪರದೆಯ ಮೇಲೆ ಅದೇ ಪೋಸ್ಟರ್ ಕನ್ನಡದಲ್ಲಿ ಸಿದ್ಧವಾಗುತ್ತಿತ್ತು. ಅದೇ ಬಣ್ಣ, ಅದೇ ಅಂಚು.

"ಇದು ಕಾಪಿ ಹೊಡೆಯೋದಲ್ವೇನೋ?" ಎಂದೆ.

"ಅಲ್ಲ ಮಾಮು, ಹೀಗೆ ಮಾಡಿ ನೋಡಿದ್ರೇನೇ ಅವರು ಯಾಕೆ ಹಾಗೆ ಇಟ್ರು ಅಂತ ಗೊತ್ತಾಗೋದು" ಎಂದ.

ಅವನ ಮಾತು ನನ್ನನ್ನು ಮದರಸದ ದಿನಗಳಿಗೆ ಕರೆದೊಯ್ದಿತು. ಮರದ ತಖ್ತಿಗೆ ಮಣ್ಣು ಬಳಿದು ಒಣಗಿಸಿ, ಉಸ್ತಾದರು ಬರೆದ ಸಾಲಿನ ಕೆಳಗೆ ಅದನ್ನೇ ಮತ್ತೆ ಮತ್ತೆ ಬರೆಯುತ್ತಿದ್ದೆವು. ಅದಕ್ಕೆ ಮಶ್ಕ್ ಎನ್ನುತ್ತಾರೆ. ಕ್ರಿ.ಶ. 940ರಲ್ಲಿ ತೀರಿಕೊಂಡ ಬಗ್ದಾದಿನ ವಜೀರ ಇಬ್ನ್ ಮುಕ್ಲಾ ಅಕ್ಷರಗಳಿಗೆ ಅಳತೆ ಕೊಟ್ಟವರೆಂದು ಪ್ರಸಿದ್ಧರು. ಲೇಖನಿಯ ತುದಿ ಮೂಡಿಸುವ ಒಂದು ಚುಕ್ಕೆಯೇ ಅಲ್ಲಿ ಅಳತೆಗೋಲು. ಅಲಿಫ್ ಎಷ್ಟು ಚುಕ್ಕೆ ಎತ್ತರ, ಬೇ ಎಷ್ಟು ಚುಕ್ಕೆ ಅಗಲ ಎಂಬುದನ್ನು ಶಿಷ್ಯ ನೋಡಿ ಬರೆದೇ ಕಲಿಯಬೇಕಿತ್ತು. ವರ್ಷಗಟ್ಟಲೆ ಬರೆದ ಮೇಲೆ ಉಸ್ತಾದರು ಇಜಾಜತ್ ಕೊಡುತ್ತಿದ್ದರು. ಇಜಾಜತ್ ಎಂದರೆ, ಬರೆದದ್ದರ ಕೆಳಗೆ ಸ್ವಂತ ಹೆಸರು ಹಾಕಿಕೊಳ್ಳುವ ಅನುಮತಿ.

ನನ್ನ ಬಾಲ್ಯದ ಸಕಲೇಶಪುರದಲ್ಲಿ ಬೋರ್ಡು ಬರೆಯುವವರದ್ದೂ ಇದೇ ಪಾಠ. ಸಿನಿಮಾ ಪೋಸ್ಟರಿನ ಮೇಲೆ ಪೆನ್ಸಿಲಿನಿಂದ ಸಣ್ಣ ಚೌಕ, ಗೋಡೆಯ ಮೇಲೆ ಅಷ್ಟೇ ಸಂಖ್ಯೆಯ ದೊಡ್ಡ ಚೌಕ. ಹುಡುಗರು ಒಂದೊಂದೇ ಚೌಕ ತುಂಬಿಸುತ್ತಾ ಕೈ ಕುದುರಿಸಿಕೊಳ್ಳುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಅವರ ಕುಂಚಗಳು ಒಣಗಿದವು. 2016ರಲ್ಲಿ ರಾಜ್ಯ ಸರ್ಕಾರ ಫ್ಲೆಕ್ಸ್ ನಿಷೇಧಿಸಿದರೂ ಆ ಕೆಲಸ ಮರಳಿ ಬರಲಿಲ್ಲ.

ಅಚ್ಚಿನ ಚರಿತ್ರೆಯಲ್ಲೂ ಈ ಕೈಯ ಪಾಲು ದೊಡ್ಡದು. ಉರ್ದುವಿನ ನಸ್ತಾಲೀಖ್ ಬರಹವನ್ನು ಅಚ್ಚುಮೊಳೆಗೆ ಒಗ್ಗಿಸುವುದು ಕಷ್ಟವಾಗಿತ್ತು. ಆದ್ದರಿಂದ ಕಾತಿಬರು ಕೈಯಲ್ಲಿ ಬರೆದು, ಅದನ್ನು ಕಲ್ಲಚ್ಚಿಗೆ ಇಳಿಸಿ ಪತ್ರಿಕೆಗಳನ್ನು ಮುದ್ರಿಸುತ್ತಿದ್ದರು. 1927ರಲ್ಲಿ ಶುರುವಾದ ಚೆನ್ನೈನ 'ದಿ ಮುಸಲ್ಮಾನ್' ದಿನಪತ್ರಿಕೆ 21ನೇ ಶತಮಾನದಲ್ಲೂ ಕಾತಿಬರ ಕೈಬರಹದಲ್ಲಿಯೇ ಹೊರಬಂದಿತು. ಕನ್ನಡದ ಕಥೆಯೂ ಬೇರೆಯಲ್ಲ. ನಮ್ಮ ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದು ಹೋದರೆ ಸಿಗುವ ಮಂಗಳೂರಿನಲ್ಲಿ, 1843ರಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಹೊರತಂದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಮುದ್ರಣವಾದದ್ದು ಕಲ್ಲಚ್ಚಿನಲ್ಲೇ. ಎರಡೂ ಭಾಷೆಗಳ ಅಚ್ಚು ಕೈಬರಹಕ್ಕೆ ಋಣಿ.

ಹುಡುಗ ಕಲಿತದ್ದೇನು ಎಂದು ಕೇಳಿದೆ. ಇಂಗ್ಲಿಷ್ ಸಾಲುಗಳ ನಡುವಿನ ಅಂತರವನ್ನೇ ಕನ್ನಡಕ್ಕೂ ಕೊಟ್ಟಾಗ ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸು, ಕೊಂಬುಗಳಿಗೆ ತಾಗಿದವಂತೆ. ಅಂತರ ಹೆಚ್ಚಿಸಿದರೆ ಶೀರ್ಷಿಕೆ ಚಿತ್ರದ ಮೇಲೇರಿತು. ಅಕ್ಷರ ಚಿಕ್ಕದು ಮಾಡಿದರೆ ದೂರಕ್ಕೆ ಕಾಣದು. ಕೊನೆಗೆ ಶೀರ್ಷಿಕೆಯ ಒಂದು ಪದವನ್ನೇ ಬಿಟ್ಟು, ಚಿತ್ರವನ್ನು ಕೆಳಗಿಳಿಸಿದ. ಮೂಲದಲ್ಲಿ ಅಷ್ಟೊಂದು ಖಾಲಿ ಜಾಗ ಬಿಟ್ಟದ್ದು ಸೋಮಾರಿತನದಿಂದಲ್ಲ ಎಂಬುದು ಅವನಿಗೆ ಅರ್ಥವಾದದ್ದು ಆಗಲೇ. ಸುಮ್ಮನೆ ನೋಡುತ್ತಾ ಕುಳಿತಿದ್ದರೆ ಇದು ತಿಳಿಯುತ್ತಿತ್ತೇ?

ಆದರೆ ಪೋಸ್ಟರಿನ ಕೆಳಮೂಲೆ ನೋಡಿ ನನಗೆ ಇರುಸುಮುರುಸಾಯಿತು. ಮೂಲದಲ್ಲಿ ಕಲಾವಿದರ ಹೆಸರಿದ್ದ ಜಾಗದಲ್ಲಿ ತನ್ನ ಹೆಸರು ಹಾಕಿದ್ದ. ಬೈಯಲು ಬಾಯಿ ಬರಲಿಲ್ಲ. ನಾನೂ ಶಾಲೆಯಲ್ಲಿದ್ದಾಗ ದೊಡ್ಡ ಲೇಖಕರ ಉರ್ದು ಕಥೆಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡೇ ಬರವಣಿಗೆ ಕಲಿತವನು. ಅದರಲ್ಲೊಂದನ್ನು ಕನ್ನಡ ಮಾಡಿ, ನನ್ನದೆಂದು ತರಗತಿಯಲ್ಲಿ ಓದಿ ಚಪ್ಪಾಳೆ ಗಿಟ್ಟಿಸಿದ್ದೆ. ಆ ಚಪ್ಪಾಳೆ ಇಂದಿಗೂ ಚುಚ್ಚುತ್ತದೆ. ಅದನ್ನೇ ಅವನಿಗೆ ಹೇಳಿದೆ. ಹಳೆಯ ಖತ್ತಾತರು ಅಂಥ ಬರಹದ ಕೆಳಗೆ 'ಮಶಖಹು' ಎಂದು ಬರೆದು ಹೆಸರು ಹಾಕುತ್ತಿದ್ದುದನ್ನೂ ಹೇಳಿದೆ. 'ಇದನ್ನು ಅಭ್ಯಾಸ ಮಾಡಿದವನು' ಎಂದು ಅದರ ಅರ್ಥ. ಕಲಿಕೆಗೂ ಕಳ್ಳತನಕ್ಕೂ ನಡುವಿನ ಗೆರೆ ಆ ಒಂದು ಪದದಲ್ಲಿದೆ.

ಅವನು ಕಲಾವಿದರ ಹೆಸರನ್ನು ಮತ್ತೆ ಹಾಕಿ, ಪಕ್ಕದಲ್ಲಿ 'ನೋಡಿ ಕಲಿತದ್ದು' ಎಂದು ಸೇರಿಸಿದ.

ಮೊನ್ನೆ ಇನ್ನೊಂದು ಪೋಸ್ಟರ್ ಕಳಿಸಿದ್ದ. ಸಕಲೇಶಪುರದ ಬಳಿ 1792ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಮಂಜರಾಬಾದ್ ಕೋಟೆಯ ಚಿತ್ರ. ಫಿರಂಗಿಯನ್ನು ಎದುರಿಸಲು ಯುರೋಪಿನಲ್ಲಿ ರೂಪುಗೊಂಡ ನಕ್ಷತ್ರದ ನಕ್ಷೆ, ನಮ್ಮ ಮಲೆನಾಡಿನ ಗುಡ್ಡದ ತುದಿಯಲ್ಲಿ ಎಂಟು ಮೂಲೆ ಚಾಚಿ ಕುಳಿತಿದೆ. ಈ ಸಲ ಯಾರ ಪೋಸ್ಟರನ್ನೂ ಎದುರಿಗೆ ಇಟ್ಟುಕೊಂಡಿರಲಿಲ್ಲವಂತೆ.

"ನಿನ್ನ ಹೆಸರೆಲ್ಲಿ?" ಎಂದು ಕೇಳಿದೆ.

"ನೀವು ನೋಡಿ ಹೇಳಿ ಮಾಮು, ಆಮೇಲೆ ಹಾಕ್ತೀನಿ" ಎಂದ.